ನಾಲ್ಕನೇ ಬೆಡ್ಡಿನ ದಿಕ್ಕು

ನಮ್ಮ ನರ್ಸಿಂಗ್ ಹೋಮಿನ ಹೆಂಗಸರ ವಾರ್ಡಿನಲ್ಲಿ ನಾಲ್ಕು ಬೆಡ್ಡುಗಳಿವೆ. ಮೂರರ ತಲೆ ಪೂರ್ವಕ್ಕೆ, ನಾಲ್ಕನೆಯದರ ತಲೆ ಮಾತ್ರ ಉತ್ತರಕ್ಕೆ. ಆಕ್ಸಿಜನ್ ಪೈಪು ಉತ್ತರದ ಗೋಡೆಯಿಂದ ಬರುತ್ತದೆ, ಅದಕ್ಕೇ ಅದೊಂದನ್ನು ಹಾಗೆ ಹಾಕಿದ್ದಾರೆ. ನಂಬರುಗಳನ್ನು ಬೆಡ್ಡಿನ ಮೇಲೆ ಬರೆದಿಲ್ಲ, ಗೋಡೆಯ ಮೇಲೆ ನೀಲಿ ಪೇಂಟಿನಲ್ಲಿ ಬರೆದಿದ್ದಾರೆ. ನಂಬರಿನ ಕೆಳಗೊಂದು ಮೊಳೆ, ಮೊಳೆಗೆ ರೋಗಿಯ ಫೈಲು.

ನಾನು ಅರಕಲಗೂಡಿನವಳು. ಚಿಕ್ಕವಳಿದ್ದಾಗ ತಪ್ಪಿ ಉತ್ತರಕ್ಕೆ ತಲೆ ಹಾಕಿ ಮಲಗಿದರೆ ನಮ್ಮಜ್ಜಿ ನಿದ್ದೆಯಲ್ಲೇ ಕಾಲು ಹಿಡಿದು ಎಳೆದು ತಿರುಗಿಸುತ್ತಿದ್ದಳು. ಆದರೆ ಯೂನಿಫಾರಂ ಹಾಕಿದ ಮೇಲೆ ದಿಕ್ಕುಗಳೆಲ್ಲ ಮರೆತುಹೋಗುತ್ತವೆ. ಹೊಳೆನರಸೀಪುರದ ಈ ಹನ್ನೆರಡು ಬೆಡ್ಡಿನ ನರ್ಸಿಂಗ್ ಹೋಮಿಗೆ ಬಂದು ಎರಡು ವರ್ಷ, ದಿನಕ್ಕೆ ಮೂವತ್ತು ಸಲ ಆ ಬೆಡ್ಡಿನ ಪಕ್ಕ ಓಡಾಡಿದ್ದೇನೆ. ಅದರ ತಲೆ ಯಾವ ಕಡೆಗಿದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಅಲ್ಲಿ ಮಲಗುವವರು ಯೋಚಿಸುತ್ತಿದ್ದರು.

ಅಕ್ಟೋಬರಿನಲ್ಲಿ ಹಾಸನದಲ್ಲಿ ಎರಡು ದಿನದ ತರಬೇತಿ ಇತ್ತು. ಆಸ್ಪತ್ರೆಯಲ್ಲಿ ರೋಗಿಗೆ ನಮ್ಮಿಂದಲೇ ಆಗುವ ಅಪಾಯಗಳನ್ನು ತಪ್ಪಿಸುವುದು ಹೇಗೆ ಅಂತ. ಡಾಕ್ಟರ್ ನಟರಾಜ್ ನಮ್ಮ ಮಾಲೀಕರು, ನನ್ನನ್ನು ಕಳಿಸಿದರು. ನಾನು ಅಲ್ಲಿಂದ ಬರುವಾಗ ಬಸ್ಸಿನಲ್ಲಿ ನಿಂತುಕೊಂಡೇ ಅರ್ಧ ನೋಟ್‌ಬುಕ್ ತುಂಬಿಸಿದ್ದೆ. ಇಂಜೆಕ್ಷನ್ ಕೊಡುವ ಮುಂಚೆ ಪ್ರತಿ ಸಲ ಹೆಸರು ಕೇಳಬೇಕು. ಕೈಗೆ ಹೆಸರಿನ ಪಟ್ಟಿ ಕಟ್ಟಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪು ಮಾಡಿದವರನ್ನು ಬೈಯಬಾರದು. ಬೈದರೆ ಅವರು ಮುಚ್ಚಿಡುತ್ತಾರೆ, ಮುಚ್ಚಿಟ್ಟರೆ ಅದೇ ತಪ್ಪು ಇನ್ನೊಬ್ಬರಿಂದ ಆಗುತ್ತದೆ. ಈ ಮಾತು ಕೇಳಿ ನನಗೆ ಮೈ ಜುಮ್ಮೆಂದಿತ್ತು. ನರ್ಸಿಂಗ್ ಕಲಿತ ಮೂರು ವರ್ಷದಲ್ಲಿ ಬೈಸಿಕೊಳ್ಳದ ದಿನ ನೆನಪಿಲ್ಲ ನನಗೆ.

ಕೈಪಟ್ಟಿಯ ವಿಷಯಕ್ಕೆ ಡಾಕ್ಟರ್ ನಕ್ಕರು. "ಹನ್ನೆರಡು ಬೆಡ್‌ಗೆ ಪಟ್ಟಿ ಯಾಕಮ್ಮಾ ಯಶಸ್ವಿನಿ? ಎಲ್ಲಾ ಗೊತ್ತಿರೋ ಜನ." ತಪ್ಪುಗಳನ್ನು ಬರೆದು ಹಾಕಲು ಒಂದು ಡಬ್ಬ ಇಡುವ ವಿಷಯ ಮಾತ್ರ ಅವರಿಗೆ ಹಿಡಿಸಿತು. ಮನೆಯಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬ ತಂದು, ಮುಚ್ಚಳದಲ್ಲಿ ಸೀಳು ಮಾಡಿಸಿ, ಬೀಗ ಹಾಕಿ, ಡ್ಯೂಟಿ ರೂಮಿನ ಗೋಡೆಗೆ ತಗುಲಿಹಾಕಿದೆ. ಮೇಲೆ ಕೆಂಪು ಪೆನ್ನಿನಲ್ಲಿ ಬರೆದೆ: ತಪ್ಪು ಆಗಿದ್ದರೆ, ಆಗುವ ಹಾಗಿದ್ದರೆ, ಬಾಯಲ್ಲಿ ಹೇಳಲು ಭಯವಿದ್ದರೆ ಬರೆದು ಹಾಕಿ. ಹೆಸರು ಬೇಡ. ಯಾರಿಗೂ ಶಿಕ್ಷೆ ಇಲ್ಲ. ಅದರ ಕೆಳಗೆ ಡಾಕ್ಟರ್ ಸೈನ್ ಹಾಕಿದರು, ಡಬ್ಬದ ಪಕ್ಕ ನಿಂತು ಫೋಟೋನೂ ತೆಗೆಸಿಕೊಂಡರು.

ಶಾಂತಕುಮಾರಿ ಸಿಸ್ಟರ್ ನಮ್ಮಲ್ಲಿ ಎಲ್ಲರಿಗಿಂತ ಹಳಬರು. ಹಾಸನದ ಹತ್ತಿರ ಬೂವನಹಳ್ಳಿಯವರು, ಇಪ್ಪತ್ತೆರಡು ವರ್ಷದ ಸರ್ವೀಸು, ದಿನಾ ಬೆಳಗಿನ ಮೊದಲನೇ ಬಸ್ಸಿಗೆ ಬಂದು ಆರಕ್ಕೆ ಡ್ಯೂಟಿಗೆ ನಿಲ್ಲುತ್ತಿದ್ದರು. ಡಬ್ಬವನ್ನು ಮೇಲೆ ಕೆಳಗೆ ನೋಡಿದರು.

"ಏನೇ ಇದು, ದೇವಸ್ಥಾನದ ಹುಂಡಿನಾ?"

"ಅಲ್ಲ ಅಕ್ಕಾ, ತಪ್ಪು ಬರ್ದು ಹಾಕೋದು."

"ಹಾಕಿದ್ರೆ ದೇವ್ರು ಕ್ಷಮಿಸ್ಬುಡ್ತಾನಾ?"

"ಡಾಕ್ಟ್ರು ಕ್ಷಮಿಸ್ತಾರೆ. ನೋಡಿ, ಸೈನ್ ಹಾಕವ್ರೆ."

"ಸೈನು!" ಅಂತ ಅವರು ನಗುತ್ತಾ ಸಿರಿಂಜ್ ಟ್ರೇ ಎತ್ತಿಕೊಂಡು ಹೋದರು. "ಸೈನ್ ನೋಡ್ಕೊಂಡೇ ಇಪ್ಪತ್ತೆರಡು ವರ್ಷ ಆಯ್ತು ಕಣೇ."

ಡಬ್ಬವನ್ನು ತಿಂಗಳ ಒಂದನೇ ತಾರೀಖು ಮಾತ್ರ ತೆಗೆಯಬೇಕು, ನಡುವೆ ಯಾರೂ ಮುಟ್ಟಬಾರದು ಅಂತ ನಿಯಮ ಮಾಡಿದ್ದು ನಾನೇ. ಇರುವವರೇ ಆರೇಳು ಜನ; ದಿನಾ ತೆಗೆದರೆ ಯಾರು ಹಾಕಿದ್ದು ಅಂತ ಗೊತ್ತಾಗಿಬಿಡುತ್ತದೆ, ಆಗ ಯಾರೂ ಬರೆಯುವುದಿಲ್ಲ. ಬಹಳ ಯೋಚಿಸಿ ಮಾಡಿದ ನಿಯಮ ಅದು. ಬೀಗದ ಕೈ ನನ್ನ ಹತ್ತಿರವೇ ಇಟ್ಟುಕೊಂಡೆ.

ಹೆಸರು ಕೇಳುವುದು ಅಷ್ಟು ಸುಲಭ ಇರಲಿಲ್ಲ. ನಮ್ಮ ಕಡೆ ವಯಸ್ಸಾದವರನ್ನು ಹೆಸರು ಹಿಡಿದು ಮಾತಾಡಿಸುವುದಿಲ್ಲ, ಅಜ್ಜಿ ಅನ್ನುತ್ತೇವೆ, ಅವ್ವಾ ಅನ್ನುತ್ತೇವೆ, ಇಲ್ಲ ಊರಿನ ಹೆಸರು ಹೇಳುತ್ತೇವೆ. ನವೆಂಬರ್ ಮೂರನೇ ವಾರ, ಒಂದು ಮಂಗಳವಾರ, ಕಟ್ಟಾಯದಿಂದ ಸರಸಮ್ಮ ಅನ್ನುವವರು ಜ್ವರ, ಹೊಟ್ಟೆನೋವು ಅಂತ ಅಡ್ಮಿಟ್ ಆದರು. ಅರವತ್ತಾರು ವರ್ಷ, ಸಣ್ಣ ಜೀವ, ಕಿವಿ ಮುಚ್ಚುವ ಹಾಗೆ ಶಾಲು ಸುತ್ತಿಕೊಂಡು ಮೂರನೇ ಬೆಡ್ಡಿನಲ್ಲಿ ಕೂತಿರುತ್ತಿದ್ದರು. ಬುಧವಾರ ಮಧ್ಯಾಹ್ನ ನಾನು ಮಾತ್ರೆ ಹಿಡಿದುಕೊಂಡು ಹೋಗಿ, "ಅಜ್ಜಿ, ನಿಮ್ಮ ಹೆಸರು ಹೇಳಿ" ಅಂದೆ.

"ಬೆಳಿಗ್ಗೆ ಕೇಳ್ದೆ. ನೆನ್ನೆ ಎರಡ್ ಸಲ ಕೇಳ್ದೆ. ಇನ್ನೂ ಗೊತ್ತಾಗ್ನಿಲ್ವೇನವ್ವಾ ನಿಂಗೆ?"

"ಗೊತ್ತು ಅಜ್ಜಿ, ಆದ್ರೂ ಕೇಳ್ಬೇಕು. ರೂಲ್ಸು."

"ಮಂಜೇಸಾ, ನೋಡ್ಲಾ ಈ ಮಗೀನ," ಅಂತ ಪಕ್ಕದಲ್ಲಿದ್ದ ಮಗನಿಗೆ ಹೇಳಿದರು. "ನನ್ಗೆ ಜ್ವರ ಅಂತ ಇವ್ಳತ್ರ ಔಸ್ದಿಗೆ ಬಂದ್ರೆ, ಇವ್ಳಿಗೇ ನನ್ಗಿಂತ ಜಾಸ್ತಿ ಮರ್ವು."

ವಾರ್ಡೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಅವರು ಹೆಸರು ಹೇಳುವ ತನಕ ಮಾತ್ರೆ ಕೊಡಲಿಲ್ಲ. "ಸರಸಮ್ಮ ಕಣವ್ವಾ, ಸರಸಮ್ಮ. ಬರ್ಕೊ ಬೇಕಾದ್ರೆ ಅಣೆ ಮ್ಯಾಲೆ" ಅಂದರು.

ಅವತ್ತೇ ಸಾಯಂಕಾಲ, ನಾನು ಡ್ಯೂಟಿ ಮುಗಿಸಿ ಹೊರಡುವ ಹೊತ್ತಿಗೆ, ಚನ್ನರಾಯಪಟ್ಟಣದ ಕಡೆಯ ಧನಲಕ್ಷ್ಮಿ ಅನ್ನುವವರು ಬಂದರು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಗಾಯ. ಅವರೂ ಅರವತ್ತರ ಮೇಲಿನವರೇ. ಖಾಲಿ ಇದ್ದದ್ದು ನಾಲ್ಕನೇ ಬೆಡ್ಡು ಒಂದೇ. ಡಾಕ್ಟರ್ ನೋಡಿ, ನಾಳೆ ಬೆಳಿಗ್ಗೆ ತಿಂಡಿಗೆ ಮುಂಚೆ ಇಪ್ಪತ್ತೆರಡು ಯೂನಿಟ್ ಇನ್ಸುಲಿನ್ ಅಂತ ಬರೆದು ಫೈಲನ್ನು ನಾಲ್ಕರ ಮೊಳೆಗೆ ಹಾಕಿಸಿದರು.

ಆಮೇಲಿನದನ್ನು ನಾನು ನೋಡಲಿಲ್ಲ. ನೀಲಗಂಗಮ್ಮ ಹೇಳಿದ್ದು. ನೀಲಗಂಗಮ್ಮ ನಮ್ಮ ಆಯಾ, ವಾರ್ಡು ಗುಡಿಸಿ ಒರೆಸಿ ಬೆಡ್‌ಪ್ಯಾನ್ ಇಡುವವರು. ಧನಲಕ್ಷ್ಮಿ ಮಲಗಲು ಹೋದವರು ಬೆಡ್ಡು ನೋಡಿ ಹಾಗೇ ನಿಂತರಂತೆ.

"ಅಯ್ಯೋ ಉತ್ರುಕ್ ತಲೆ! ನಾ ಒಲ್ಲೆ ಕಣಪ್ಪಾ, ನೆಲದಲ್ ಬೇಕಾದ್ರೂ ಮನಿಕತ್ತೀನಿ."

ದಿಂಬನ್ನು ಕಾಲಿನ ಕಡೆ ಹಾಕಿಕೊಂಡರೆ ಡ್ರಿಪ್ಪಿನ ಟ್ಯೂಬು ಸಾಲದು. ಗಾಯದ ಕಾಲು ಊರಿಕೊಂಡು ಹೆಂಗಸು ಅಳುವುದಕ್ಕೇ ಶುರುಮಾಡಿದರು. ಆಗ ಸರಸಮ್ಮ ಶಾಲು ಸರಿಸಿ ಎದ್ದರಂತೆ.

"ಬಾರವ್ವಾ ಈ ಕಡಿಕೆ. ನನ್ಗ್ಯಾವ್ ದಿಕ್ಕೂ ಒಂದೇಯ. ಮೂವತ್ ವರ್ಸ ಸಂತೇಲಿ ಮೆಣಸಿನ್ಕಾಯ್ ಮೂಟೆ ಮ್ಯಾಲೆ ಮನಿಗಿವ್ನಿ, ಮೂಟೆ ಯಾವ್ ದಿಕ್ ನೋಡ್ತಿತ್ತೋ ಯಾರ್ಗೊತ್ತು. ಮಂಜೇಸಾ, ಬ್ಯಾಗ್ ಎತ್ತಿಡ್ಲಾ ಅಲ್ಲಿ."

ಮಂಜೇಶ್ ಬ್ಯಾಗು, ಫ್ಲಾಸ್ಕು ಎತ್ತಿಟ್ಟ. ನೀಲಗಂಗಮ್ಮ ಎರಡು ದಿಂಬು ಅದಲುಬದಲು ಮಾಡಿದರು. ಮೊಳೆಯ ಮೇಲಿನ ಫೈಲುಗಳನ್ನು ಯಾರೂ ಮುಟ್ಟಲಿಲ್ಲ. ಹೋದ ವರ್ಷ ಒಂದು ಫೈಲು ಒದ್ದೆ ಕೈಯಲ್ಲಿ ಮುಟ್ಟಿದ್ದಕ್ಕೆ ಡಾಕ್ಟರ್ ಎಲ್ಲರೆದುರಿಗೆ ಬೈದಿದ್ದರು. ಅವತ್ತಿನಿಂದ ಫೈಲು ಅಂದರೆ ನೀಲಗಂಗಮ್ಮನ ಕೈ ಹಿಂದಕ್ಕೆ ಹೋಗುತ್ತದೆ. ರಾತ್ರಿ ಡ್ಯೂಟಿಯ ಹುಡುಗಿ ಕೆಳಗೆ ಹೆರಿಗೆ ಕೇಸಿನಲ್ಲಿದ್ದಳು.

ಶಾಂತಕುಮಾರಿ ಸಿಸ್ಟರ್ ಎರಡು ದಿನ ರಜೆಯಲ್ಲಿದ್ದು ಗುರುವಾರ ಬೆಳಿಗ್ಗೆ ಬಂದಿದ್ದರು. ಸರಸಮ್ಮನನ್ನೂ ನೋಡಿರಲಿಲ್ಲ, ಧನಲಕ್ಷ್ಮಿಯನ್ನೂ ನೋಡಿರಲಿಲ್ಲ. ಹನ್ನೆರಡು ಬೆಡ್ಡಿಗೆ ಒಬ್ಬರೇ. ಸಿರಿಂಜುಗಳಿಗೆ ಟೇಪ್ ಅಂಟಿಸಿ ಅದರ ಮೇಲೆ ಬೆಡ್ ನಂಬರ್ ಬರೆದುಕೊಂಡು, ಏಳೂವರೆಗೆ ವಾರ್ಡಿಗೆ ಬಂದರು. ನಾಲ್ಕು ಅಂತ ಬರೆದ ಸಿರಿಂಜು ಹಿಡಿದು ಗೋಡೆಯ ನಾಲ್ಕರ ಕೆಳಗೆ ನಿಂತರು.

ನಾನು ಎಂಟಕ್ಕೆ ಬಂದೆ. ಎಂಟೂವರೆಗೆ ವಾರ್ಡಿಗೆ ಹೋದಾಗ ನೀಲಗಂಗಮ್ಮ ನಾಲ್ಕನೇ ಬೆಡ್ಡಿನ ಹತ್ತಿರ ಬಟ್ಟೆ ಹಿಡಿದು ನಿಂತಿದ್ದರು.

"ಅಜ್ಜಿ ಬೆವರ್ತಾ ಅವ್ಳೆ ಕಣವ್ವಾ. ಒರ್ಸುದ್ರೂ ಬತ್ತಾನೇ ಐತೆ."

ನೋಡಿದರೆ ಸರಸಮ್ಮ. ಬೆಡ್ಡು ಬದಲಾಯಿಸಿಕೊಂಡಿದ್ದಾರೆ ಅಂತ ಆಗಲೇ ಗೊತ್ತಾಯಿತು ನನಗೆ. ಫೈಲು ಬದಲಾಯಿಸಬೇಕು ಅಂದುಕೊಂಡೆ. ಹಣೆ ಮುಟ್ಟಿದೆ, ತಣ್ಣಗಿತ್ತು. ಎರಡು ದಿನದಿಂದ ನೂರ ಎರಡರಿಂದ ಕೆಳಗೆ ಇಳಿಯದ ಜ್ವರ.

"ಜ್ವರ ಬಿಡ್ತಾ ಇದೆ, ಒಳ್ಳೇದು. ಮಲ್ಗ್ಲಿ ಬಿಡಿ. ಹತ್ತು ಗಂಟೆಗೆ ಹೊಟ್ಟೆ ಸ್ಕ್ಯಾನಿಂಗ್ ಇದೆ, ಅಲ್ಲಿವರ್ಗೂ ಏನೂ ತಿನ್ನೋ ಹಾಗಿಲ್ಲ."

ಇದು ನಾನು ಆಡಿದ ಮಾತು. ಒಂದಕ್ಷರವೂ ಮರೆತಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಡಾಕ್ಟರ್ ಕೂಗಿದರು, ಹೋದೆ.

ಒಂಬತ್ತು ಮುಕ್ಕಾಲಿಗೆ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಲು ವೀಲ್‌ಚೇರ್ ತಂದೆ. ಮಂಜೇಶ್ "ಅವ್ವಾ, ಏಳವ್ವಾ" ಅಂತ ಭುಜ ಅಲ್ಲಾಡಿಸಿದ. ತಲೆ ಅಲ್ಲಾಡಿತು, ಕಣ್ಣು ತೆರೆಯಲಿಲ್ಲ. ಬಾಯಿಯ ಒಂದು ಕಡೆಯಿಂದ ಜೊಲ್ಲು. ನೋವಿಗಾದರೂ ಎಚ್ಚರವಾಗಲಿ ಅಂತ ನಾನು ಎದೆಮೂಳೆ ಒತ್ತಿದೆ, ಇಲ್ಲ. ಅದೇ ಹೊತ್ತಿಗೆ ಮೂರನೇ ಬೆಡ್ಡಿನಲ್ಲಿ ಇಡ್ಲಿ ತಿಂದು ಕೈ ತೊಳೆದುಕೊಂಡು ಕೂತಿದ್ದ ಧನಲಕ್ಷ್ಮಿ ನನ್ನನ್ನು ಕರೆದರು.

"ಸಿಸ್ಟರ್, ನನ್ಗೆ ಬೆಳಿಗ್ಗೆ ಸಕ್ರೆ ಸೂಜಿ ಹಾಕ್ನೇ ಇಲ್ವಲ್ಲ? ಹಾಕ್ತೀನಿ ಅಂದಿದ್ರು ಡಾಕ್ಟ್ರು."

ಓಡಿಹೋಗಿ ಗ್ಲೂಕೋಮೀಟರ್ ತಂದು ಸರಸಮ್ಮನ ಬೆರಳು ಚುಚ್ಚಿದೆ. ಇಪ್ಪತ್ತನಾಲ್ಕು. ರಕ್ತದ ಸಕ್ಕರೆ ನೂರರ ಹತ್ತಿರ ಇರಬೇಕಾದದ್ದು. ರಾತ್ರಿಯಿಂದ ಖಾಲಿ ಹೊಟ್ಟೆ, ಸಕ್ಕರೆ ಕಾಯಿಲೆಯೇ ಇಲ್ಲದ ಮೈ, ಅದಕ್ಕೆ ಇಪ್ಪತ್ತೆರಡು ಯೂನಿಟ್. ಗ್ಲೂಕೋಸ್ ಏರಿಸಿದೆವು, ಮೀಟರಿನಲ್ಲಿ ನಂಬರು ಏರಿತು, ಸರಸಮ್ಮ ಏಳಲಿಲ್ಲ. ಫಿಟ್ಸ್ ಬಂತು. ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯಿತು. ಹತ್ತೂವರೆಗೆ ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ಡಾಕ್ಟರೂ ಜೊತೆಗೆ ಹೋದರು. ಹತ್ತುವ ಮುಂಚೆ ನಮ್ಮ ಕಡೆ ತಿರುಗಿ, "ಯಾರೂ ಯಾರ ಹತ್ರಾನೂ ಏನೂ ಮಾತಾಡ್ಬೇಡಿ" ಅಂದರು.

ಶಾಂತಕುಮಾರಿ ಸಿಸ್ಟರ್ ಸ್ಟೋರ್ ರೂಮಿನಲ್ಲಿ ಸಲೈನ್ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಅಳುತ್ತಿರಲಿಲ್ಲ. ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು.

"ಅಜ್ಜಿ, ಹೊಟ್ಟೆಗೊಂದು ಇಂಜೆಕ್ಷನ್ ಅಂದೆ ಕಣೇ," ಅಂದರು. "ಹೊಟ್ಟೆನೇ ನೋವು ಕಣವ್ವಾ, ಅಲ್ಗೇ ಹಾಕು ಅಂತ ತಾನೇ ಸೀರೆ ಸರಿಸ್ಕೊಟ್ಳು. ಹೆಸ್ರು ಕೇಳ್ಬೇಕಿತ್ತು. ಯಾರು ಕೇಳ್ತಾರೆ ಅಜ್ಜೀರ ಹೆಸ್ರನ್ನ."

ನಾನು ಡ್ಯೂಟಿ ರೂಮಿಗೆ ಹೋದೆ. ನನ್ನ ನಿಯಮವನ್ನು ನಾನೇ ಮುರಿದು ಡಬ್ಬದ ಬೀಗ ತೆಗೆದೆ. ಯಾಕೆ ತೆಗೆದೆನೋ ಗೊತ್ತಿಲ್ಲ, ಏನಾದರೂ ಮಾಡಬೇಕಿತ್ತು. ಒಳಗೆ ಮೂರು ಚೀಟಿ. ಒಂದರಲ್ಲಿ ಮೇಲಿನ ಬಾತ್‌ರೂಮಿನ ಬಲ್ಬ್ ಹೋಗಿದೆ ಅಂತ. ಇನ್ನೊಂದರಲ್ಲಿ ಎದುರಂಗಡಿ ಟೀ ಕುಡಿದರೆ ಎಲ್ಲರೂ ಅಡ್ಮಿಟ್ ಆಗುತ್ತೇವೆ ಅಂತ. ಮೂರನೆಯದು ಶಾಲೆಯ ನೋಟ್‌ಬುಕ್ಕಿನ ಹಾಳೆ, ದುಂಡನೆಯ ಮಕ್ಕಳ ಅಕ್ಷರ, ಮೇಲೆ ನವೆಂಬರ್ ಎರಡು ಅಂತ ತಾರೀಖು.

ನಾಲ್ಕನೇ ಬೆಡ್ಡಿನ ತಲೆ ಉತ್ತರಕ್ಕೆ ಇದೆ. ಜನ ಹೆದರಿಕೊಂಡು ಪಕ್ಕದವರ ಜೊತೆ ಬದಲಾಯಿಸಿಕೊಳ್ಳುತ್ತಾರೆ. ಫೈಲು ಅಲ್ಲೇ ಇರುತ್ತದೆ. ಒಬ್ಬರ ಔಷಧಿ ಒಬ್ಬರಿಗೆ ಹೋಗುತ್ತದೆ. ದಯವಿಟ್ಟು ಬೆಡ್ಡು ತಿರುಗಿಸಿ.

ಹತ್ತೊಂಬತ್ತು ದಿನ. ಹತ್ತೊಂಬತ್ತು ದಿನ ಅದು ನನ್ನ ತಲೆಗಿಂತ ಒಂದು ಗೇಣು ಮೇಲೆ ಇತ್ತು, ಬೀಗದ ಕೈ ನನ್ನ ಪರ್ಸಿನಲ್ಲಿತ್ತು.

ಬಾಗಿಲ ಹತ್ತಿರ ನೀಲಗಂಗಮ್ಮ ನಿಂತಿದ್ದರು. "ನಾನೇ ಕಣವ್ವಾ ಬರ್ಸಿದ್ದು. ಮೊಮ್ಮಗಳ ಕೈಲಿ," ಅಂದರು ಮೆಲ್ಲಗೆ. "ಯಾರ್ಗೂ ಯೋಳ್ಬ್ಯಾಡ."

"ನೀಲಗಂಗಮ್ಮಾ, ಬಂದು ನೇರ ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನೇ ಅಂದ್ಯಲ್ಲವ್ವಾ, ಬಾಯಲ್ ಯೋಳೋಕ್ ಭಯ ಇದ್ರೆ ಬರ್ದ್ ಆಕಿ ಅಂತ. ಬರ್ಸಿ ಆಕ್ದೆ. ನೀನ್ ಓದಿದ್ದೀಯ, ಏನೋ ಮಾಡ್ತೀಯ ಅನ್ಕಂಡೆ."

ನಾನು ಆ ಚೀಟಿಯನ್ನು ಮಡಿಸಿ ಯೂನಿಫಾರಂ ಜೇಬಿನಲ್ಲಿಟ್ಟುಕೊಂಡೆ. ಸ್ಟೋರ್ ರೂಮಿಗೆ ವಾಪಸ್ ಹೋದೆ. ಶಾಂತಕುಮಾರಿ ಸಿಸ್ಟರ್ ಹಾಗೇ ಕೂತಿದ್ದರು. ಅವರ ಮುಂದೆ ಹಾಳೆ, ಪೆನ್ನು ಇಟ್ಟೆ.

"ಅಕ್ಕಾ, ಆಗಿದ್ದು ಆದಂಗೇ ಬರೀರಿ. ಬೆಡ್ಡು ಬದ್ಲಾಗಿದ್ದು, ಫೈಲು ಬದ್ಲಾಗ್ದೇ ಇದ್ದಿದ್ದು, ಒಬ್ರೇ ಡ್ಯೂಟಿ ಮಾಡಿದ್ದು, ಎಲ್ಲಾ. ಇದು ಶಿಕ್ಷೆಗಲ್ಲ ಅಕ್ಕಾ, ಇನ್ನೊಂದ್ಸಲ ಆಗ್ದೇ ಇರೋಕೆ."

"ಬರೀಲಾ?"

"ಬರೀರಿ. ಡಾಕ್ಟ್ರು ಸೈನ್ ಹಾಕವ್ರಲ್ಲ. ನಾನಿದೀನಿ."

ಅವರು ನನ್ನ ಮುಖ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಡಾಕ್ಟರುಗಳನ್ನು ನೋಡಿದ್ದರೋ, ಎಷ್ಟು ಸೈನುಗಳನ್ನು. ಆದರೂ ಬರೆದರು. ಎರಡು ಪುಟ, ಒಂದು ಕಡೆಯೂ ಹೊಡೆದುಹಾಕದೆ, ಕೊನೆಗೆ ಹೆಸರು ಬರೆದು ಸೈನ್ ಮಾಡಿದರು. ಹೆಸರು ಬೇಡ ಅಂತ ಡಬ್ಬದ ಮೇಲೆ ಬರೆದಿದ್ದವಳು ನಾನೇ, ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳಲು ನನಗೆ ಹೊಳೆಯಲೇ ಇಲ್ಲ.

ಶುಕ್ರವಾರ ಡಾಕ್ಟರ್ ನಮ್ಮಿಬ್ಬರ ಎದುರಿಗೇ ಅದನ್ನು ಎರಡು ಸಲ ಓದಿದರು. ನಾನು ನೀಲಗಂಗಮ್ಮನ ಚೀಟಿಯ ಬಗ್ಗೆಯೂ ಹೇಳಿದೆ, ಯಾರು ಬರೆಸಿದ್ದು ಅಂತ ಹೇಳಲಿಲ್ಲ. ಅವರು ಆ ಎರಡು ಪುಟ ಮಡಿಸಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

"ಒಳ್ಳೇದು ಶಾಂತಾ. ಹೀಗೆ ಬರ್ಯೋಕೆ ಧೈರ್ಯ ಬೇಕು," ಅಂದರು.

ನಾನು ಅವತ್ತು ಮನೆಗೆ ಹೋಗುವಾಗ, ಹೇಳಲು ನಾಚಿಕೆಯಾಗುತ್ತದೆ, ಒಂದು ಥರ ಹೆಮ್ಮೆಯಿಂದ ಹೋದೆ. ನಮ್ಮಂಥ ಊರಿನಲ್ಲೂ ಇದು ಸಾಧ್ಯ ಅಂತ.

ಶನಿವಾರ ಮಧ್ಯಾಹ್ನ ಹಾಸನದಲ್ಲಿ ಸರಸಮ್ಮ ತೀರಿಕೊಂಡರು.

ಸೋಮವಾರ ಮಂಜೇಶ್ ಬಂದ. ಜೊತೆಗೆ ಅವರ ಊರಿನ ಇಬ್ಬರು ಹಿರಿಯರು, ಗೇಟಿನ ಹೊರಗೆ ಒಂದಿಪ್ಪತ್ತು ಜನ. ಮಂಜೇಶನ ತಲೆ ಬೋಳಿಸಿತ್ತು, ಕಿವಿಯ ಹಿಂದೆ ಒಂದು ಗಾಯಕ್ಕೆ ಅರಿಶಿನ ಹಚ್ಚಿದ್ದರು. ಡಾಕ್ಟರ್ ನಮ್ಮನ್ನೂ ಒಳಗೆ ಕರೆಸಿದರು. ನಾನು, ಶಾಂತಕುಮಾರಿ ಸಿಸ್ಟರ್ ಗೋಡೆಗೆ ಒರಗಿ ನಿಂತೆವು. ನೀಲಗಂಗಮ್ಮ ನೀರಿನ ಲೋಟಗಳನ್ನು ತಂದಿಟ್ಟು ಬಾಗಿಲ ಪಕ್ಕ ನಿಂತರು.

"ನಮ್ಮವ್ವ ನೆಡ್ಕೊಂಡ್ ಬಂದ್ಲು ಸಾ ನಿಮ್ಮಾಸ್ಪತ್ರೆಗೆ," ಅಂದ ಮಂಜೇಶ್. "ಬರೀ ಜ್ವರಕ್ಕೆ. ಏನಾಯ್ತು ಅಂತ ಯೋಳಿ, ನಾನ್ ಒಂಟೋಯ್ತೀನಿ. ಅಷ್ಟೇಯ."

ಡಾಕ್ಟರ್ ಡ್ರಾಯರಿನ ಬೀಗ ತೆಗೆದರು. ಆಗಲೂ ನಾನು ಒಳ್ಳೆಯದೇ ಆಗುತ್ತದೆ ಅಂದುಕೊಂಡಿದ್ದೆ.

"ನೋಡಿ, ನಾನೇನೂ ಮುಚ್ಚಿಡಲ್ಲ," ಅಂತ ಅವರು ಆ ಎರಡು ಪುಟಗಳನ್ನು ಮೇಜಿನ ಮೇಲೆ ಬಿಡಿಸಿಟ್ಟರು. "ನಮ್ಮ ನರ್ಸಿಂದ ತಪ್ಪಾಗಿದೆ. ಬೇರೆಯವರ ಇನ್ಸುಲಿನ್ ನಿಮ್ಮ ತಾಯಿಗೆ ಹಾಕಿದ್ದಾರೆ. ಅವರೇ ಬರ್ದು ಸೈನ್ ಮಾಡಿ ಒಪ್ಕೊಂಡಿದ್ದಾರೆ. ಇವತ್ತಿಂದ್ಲೇ ಕೆಲಸದಿಂದ ತೆಗ್ದಿದ್ದೀನಿ. ನೀವು ಕಂಪ್ಲೇಂಟ್ ಕೊಡೋದಾದ್ರೆ ಇದರ ಕಾಪಿ ನಾನೇ ಕೊಡ್ತೀನಿ."

ಶಾಂತಕುಮಾರಿ ಸಿಸ್ಟರ್ ಸೆರಗನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಹಿರಿಯರಲ್ಲಿ ಒಬ್ಬರು ಎದ್ದರು. "ಇವ್ಳೇನಾ? ಎಷ್ಟ್ ವರ್ಸದಿಂದ ಕೆಲ್ಸ ಮಾಡ್ತಾ ಇದ್ದೀಯವ್ವಾ? ಕಣ್ ಕಾಣಾಕಿಲ್ವಾ ನಿಂಗೆ?"

"ಸಾರ್, ಅದಷ್ಟೇ ಅಲ್ಲ!" ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. ಜೇಬಿನಿಂದ ಚೀಟಿ ತೆಗೆದು ಮಂಜೇಶನ ಕೈಗೇ ಕೊಟ್ಟೆ. "ಇದನ್ನ ಓದಿ. ಇದು ಹತ್ತೊಂಬತ್ ದಿನ ಮುಂಚೆ ಡಬ್ಬದಲ್ಲಿ ಬಿದ್ದಿತ್ತು. ಬೆಡ್ಡು ಹಿಂಗೆ ಬದ್ಲಾಗ್ತವೆ ಅಂತ ಯಾರೋ ಎಚ್ಚರಿಸಿದ್ರು, ನಾನು ಡಬ್ಬ ತೆಗೀಲಿಲ್ಲ. ನಿಮ್ಮ ತಾಯಿ ಬೆವರ್ತಿದ್ದಾಗ ನಾನೇ ಜ್ವರ ಬಿಡ್ತಿದೆ ಅಂದೆ. ಅಕ್ಕ ಒಬ್ರದೇ ಅಲ್ಲ ತಪ್ಪು. ಕೈಗೆ ಪಟ್ಟಿ ಕಟ್ಟಿದ್ರೆ ಆಗ್ತಿರ್ಲಿಲ್ಲ. ಬೆಡ್ಡು ತಿರುಗ್ಸಿದ್ರೆ ಆಗ್ತಿರ್ಲಿಲ್ಲ."

ಮಂಜೇಶ್ ತುಟಿ ಅಲ್ಲಾಡಿಸುತ್ತಾ ನಿಧಾನವಾಗಿ ಓದಿದ. ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದ.

"ಇದು ಯಾರೋ ಮಕ್ಳು ಗೀಚಿದ್ದು," ಅಂದರು ಡಾಕ್ಟರ್, ಕೈ ಚಾಚದೆ, ಶಾಂತವಾಗಿ. "ನಮ್ಮ ಸ್ಟಾಫಲ್ಲಿ ಹಿಂಗೆ ಯಾರು ಬರೀತಾರೆ? ನೀವ್ಯಾರಾದ್ರೂ ಬರ್ದಿದ್ದೀರೇನ್ರೀ? ನೀಲಗಂಗಮ್ಮ, ನೀವು?"

ಎಲ್ಲರೂ ಬಾಗಿಲ ಕಡೆ ತಿರುಗಿದರು. ನೀಲಗಂಗಮ್ಮ ಮೇಜಿನ ಮೇಲಿದ್ದ ಎರಡು ಪುಟಗಳನ್ನು ನೋಡಿದರು. ಆಮೇಲೆ ಶಾಂತಕುಮಾರಿಯನ್ನು ನೋಡಿದರು, ಆ ಪುಟಗಳನ್ನು ಬರೆದು ಗೋಡೆಗೆ ಒರಗಿ ನಿಂತವರನ್ನು. ನಾನು ಮನಸ್ಸಿನಲ್ಲೇ ಹೇಳಿ ಹೇಳಿ ಅಂತ ಬೇಡಿಕೊಳ್ಳುತ್ತಿದ್ದೆ.

"ನಂಗೇನ್ ಗೊತ್ತು ಸಾ," ಅಂದರು ನೀಲಗಂಗಮ್ಮ. "ನಾನ್ ಓದಾಕ್ ಬರ್ಯಾಕ್ ಬರ್ದೋಳು."

ಖಾಲಿ ಲೋಟಗಳನ್ನು ಎತ್ತಿಕೊಂಡು ಹೊರಗೆ ಹೋದರು. ಎರಡು ಲೋಟದಲ್ಲಿ ಇನ್ನೂ ನೀರಿತ್ತು.

"ಈ ಹುಡುಗಿಗೆ ಶಾಕ್ ಆಗಿದೆ, ಪಾಪ," ಅಂದರು ಡಾಕ್ಟರ್.

ಮಂಜೇಶ್ ಚೀಟಿಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಶಾಂತಕುಮಾರಿ ಸಿಸ್ಟರ್ ಎದುರಿಗೆ ಬಂದು ನಿಂತ. ಹೊಡೆಯುತ್ತಾನೇನೋ ಅಂತ ನಾನು ಮುಂದೆ ಹೋದೆ. ಅವನು ಹೊಡೆಯಲಿಲ್ಲ.

"ಬ್ಯಾಗ್ ನಾನೇ ಎತ್ತಿಟ್ಟೆ ಕಣಕ್ಕಾ," ಅಂದ. "ಅವ್ವ ಎತ್ತಿಡು ಅಂದ್ಲು, ಎತ್ತಿಟ್ಟೆ. ಅಂಗೇ ಒಂದ್ ಮಾತ್ ನಿಮ್ಗೆ ಯೋಳಿದ್ರೆ..."

ಹಿರಿಯರು ಅವನ ರಟ್ಟೆ ಹಿಡಿದು, "ಬಾರ್ಲಾ, ಸ್ಟೇಸನ್ಗೆ ಓಗುವ" ಅಂತ ಎಳೆದುಕೊಂಡು ಹೋದರು. ಕಂಪ್ಲೇಂಟಿನಲ್ಲಿ ಒಂದೇ ಹೆಸರು ಇತ್ತು, ಸೈನ್ ಮಾಡಿದ್ದ ಹೆಸರು. ಆ ಚೀಟಿ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನನ್ನು ಡಾಕ್ಟರ್ ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಬೆಳಗಿನ ಡ್ಯೂಟಿಗೆ ಜನ ಇಲ್ಲ. "ಬೇರೆಯವ್ರು ಸಿಗ್ಲಿ, ಆಮೇಲೆ ನಿನ್ನ ವಿಷಯ ನೋಡೋಣ," ಅಂದರು. ಆರು ಗಂಟೆಯ ಡ್ಯೂಟಿ ನನಗೇ ಬಂತು, ಹನ್ನೆರಡು ಬೆಡ್ಡಿಗೆ ಒಬ್ಬಳೇ. ಡಬ್ಬ ಗೋಡೆಯ ಮೇಲೇ ಇತ್ತು. ಇನ್ಸ್‌ಪೆಕ್ಷನ್‌ಗೆ ಯಾರಾದರೂ ಬಂದರೆ ಚೆನ್ನಾಗಿರುತ್ತದೆ ಅಂತ ತೆಗೆಸಲಿಲ್ಲ. ಈಗ ನಾನು ಅದನ್ನು ದಿನಾ ತೆಗೆಯುತ್ತೇನೆ. ದಿನಾ ಖಾಲಿ. ಬಲ್ಬ್ ಹೋಗಿದೆ ಅಂತಲೂ ಯಾರೂ ಬರೆಯುವುದಿಲ್ಲ.

ಡಿಸೆಂಬರ್ ಮಧ್ಯದಲ್ಲಿ ಒಂದು ಭಾನುವಾರ ಬೂವನಹಳ್ಳಿಗೆ ಹೋದೆ. ಶಾಂತಕುಮಾರಿ ಸಿಸ್ಟರ್ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಸ್ಟೇಷನ್ನಿಗೆ ನಾಲ್ಕು ಸಲ ಹೋಗಿ ಬಂದಿದ್ದರಂತೆ. ಹಾಸನದಲ್ಲಿ ಎರಡು ಕಡೆ ಕೆಲಸ ಕೇಳಿದರೆ, ಹೆಸರು ಹೇಳುತ್ತಿದ್ದ ಹಾಗೇ ಆಮೇಲೆ ಫೋನ್ ಮಾಡ್ತೀವಿ ಅಂದರಂತೆ.

ನಾನು ಬಸ್ಸಿನಲ್ಲಿ ಏನೇನೋ ಹೇಳಬೇಕು ಅಂತ ಜೋಡಿಸಿಕೊಂಡು ಹೋಗಿದ್ದೆ. ಹೇಳಲು ಬಂದದ್ದು ಇಷ್ಟೇ: "ಅಕ್ಕಾ, ನಾನು ಬರೀರಿ ಅಂದಿದ್ದಕ್ಕೆ..."

"ನೀನ್ ಬರಿ ಅಂದೆ, ನಾನ್ ಬರ್ದೆ. ಸುಳ್ಳೇನ್ ಬರ್ದಿಲ್ವಲ್ಲ." ಕಾಯಿ ಮುರಿಯುವ ಟಕ್ ಟಕ್ ಸದ್ದು. "ಕೂತ್ಕೊ. ಸುಲಿ ನೀನೂ."

ಇಬ್ಬರೂ ಸುಲಿದೆವು. ಹುಳ ಇದ್ದ ಕಾಳುಗಳನ್ನು ಅವರು ನೋಡದೆಯೇ ಬೆರಳಿನಲ್ಲೇ ಗುರುತು ಹಿಡಿದು ಪಕ್ಕಕ್ಕೆ ಎಸೆಯುತ್ತಿದ್ದರು. ಬಹಳ ಹೊತ್ತಾದ ಮೇಲೆ ತಲೆ ಎತ್ತದೆ ಕೇಳಿದರು.

"ಆ ಬೆಡ್ ತಿರುಗ್ಸಿದ್ರೇನೇ?"

ನಾನು ಇನ್ನೊಂದು ಕಾಯಿ ಎತ್ತಿಕೊಂಡೆ. ಅವರ ಕೈ ನಿಂತಿತು.

"ಇನ್ನೂ ಇಲ್ವಾ?"

"ಇಲ್ಲ ಅಕ್ಕಾ."

ಅವರು ನನ್ನ ಮೇಲೆ ಕೂಗಾಡಲಿಲ್ಲ. ಮೊರವನ್ನು ತೊಡೆಯ ಮೇಲಿಂದ ಇಳಿಸಿ, ಒಳಗೆ ಎದ್ದು ಹೋದರು. ಒಳಗಿನಿಂದ ಅಳುವ ಸದ್ದು ಕೇಳಿಸಿತು. ಕೆಲಸ ಹೋದಾಗಲೂ, ಸ್ಟೇಷನ್ನಿನಲ್ಲೂ ಅಳಲಿಲ್ಲ ಅಂತ ಅವರ ಮನೆಯವರು ಹೇಳಿದ್ದರು. ನಾನು ಸ್ವಲ್ಪ ಹೊತ್ತು ಕೂತಿದ್ದು, ಉಳಿದ ಕಾಯಿ ಸುಲಿದಿಟ್ಟು ಬಂದೆ.

ಸೋಮವಾರ ಬೆಳಿಗ್ಗೆ ನಾಲ್ಕನೇ ಬೆಡ್ಡಿನಲ್ಲಿ ಒಬ್ಬರಿದ್ದರು. ದಿಂಬನ್ನು ಕಾಲಿನ ಕಡೆ ಹಾಕಿಕೊಂಡು, ಡ್ರಿಪ್ಪಿನ ಕೈಯನ್ನು ಹಿಂದಕ್ಕೆ ತಿರುಚಿಕೊಂಡು ಮಲಗಿದ್ದರು. ಅವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದೆ. ಬೆಡ್ಡಿನ ತಲೆಯ ಕಡೆ ಹಿಡಿದು ಎಳೆದೆ. ಒಬ್ಬಳಿಗೆ ಜಗ್ಗುವ ಬೆಡ್ಡಲ್ಲ. ಮತ್ತೆ ಎಳೆದೆ, ಒಂದು ಕಾಲು ಕಿರುಗುಟ್ಟಿತು.

ನೆಲ ಒರೆಸುತ್ತಿದ್ದ ನೀಲಗಂಗಮ್ಮ ನೋಡಿದರು. ಮಂಜೇಶ್ ಬಂದುಹೋದ ಸೋಮವಾರದಿಂದ ನಾವಿಬ್ಬರೂ ಮಾತಾಡಿರಲಿಲ್ಲ. ಕೋಲನ್ನು ಬಕೀಟಿಗೆ ಒರಗಿಸಿದರು, ಕೈಯನ್ನು ಸೀರೆಗೆ ಒರೆಸಿಕೊಂಡರು, ಬಂದು ಬೆಡ್ಡಿನ ಇನ್ನೊಂದು ಕಡೆ ಹಿಡಿದರು.

"ಎತ್ತವ್ವಾ," ಅಂದರು.

ಎತ್ತಿ ತಿರುಗಿಸಿದೆವು, ತಲೆ ಪೂರ್ವಕ್ಕೆ. ಆಕ್ಸಿಜನ್ನಿಗೆ ಉದ್ದನೆಯ ಟ್ಯೂಬು ಸಾಕಾಯಿತು, ಸ್ಟೋರಿನಲ್ಲೇ ಇತ್ತು, ಎರಡು ವರ್ಷದಿಂದ ಇತ್ತು. ಫೈಲನ್ನು ಮೊಳೆಯಿಂದ ತೆಗೆದು ಬೆಡ್ಡಿನ ಕಂಬಿಗೇ ಕಟ್ಟಿದೆ. ಉತ್ತರದ ಗೋಡೆಯ ಮೇಲೆ ನೀಲಿಯ ನಾಲ್ಕು ಉಳಿಯಿತು, ಅದರ ಕೆಳಗೆ ಖಾಲಿ ನೆಲ, ಬೆಡ್ಡಿನ ಕಾಲಿದ್ದ ಕಡೆ ನಾಲ್ಕು ತುಕ್ಕಿನ ಗುರುತು.

ಒಂಬತ್ತಕ್ಕೆ ಡಾಕ್ಟರ್ ರೌಂಡ್ಸಿಗೆ ಬಂದರು. ಮೂರನೇ ಬೆಡ್ಡು ಮುಗಿಸಿ, ಹಳೇ ಅಭ್ಯಾಸದಂತೆ ಗೋಡೆಯ ಕಡೆ ಹೆಜ್ಜೆ ಹಾಕಿ ನಿಂತುಬಿಟ್ಟರು.

"ಯಾರ್ರೀ ಇದನ್ನ ತಿರುಗ್ಸಿದ್ದು? ಯಾರನ್ನ ಕೇಳಿ ತಿರುಗ್ಸಿದ್ರಿ?"

ನೀಲಗಂಗಮ್ಮ ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದರು.

"ನಾನು ಸಾರ್," ಅಂದೆ. "ಬರ್ದು ಕೊಡ್ಲಾ?"